ನಿಮಗಿದು ಗೊತ್ತೆ? ಹಂಪಿ ಜಾತ್ರೆಯಲ್ಲಿ ಕನ್ನಡ ಮಾತಾಡಿದ ಲಂಡನ್ ಮಿಷನರಿಗಳು

ಬಿಳಿ ಅಂಗಿ, ಎದೆಯ ಮೇಲೆ ಕಪ್ಪು ಹೆಸರುಫಲಕ, ಎಲ್ಲಿ ಹೋದರೂ ಜೋಡಿ. ಎರಡು ವರ್ಷ ಪರದೇಶದಲ್ಲಿ ಧರ್ಮಪ್ರಚಾರದ ಸೇವೆ ಮಾಡುವ, ಮಾರ್ಮನ್ ಎಂಬ ಕ್ರೈಸ್ತ ಪಂಥದ ಯುವಕರ ಗುರುತು ಇದು. ಬೆಂಗಳೂರಿನಲ್ಲೂ 1993ರಿಂದ ಅವರ ಮಿಷನ್ ಇದೆ. ಆದರೆ ಹೊಸಪೇಟೆ, ಹಂಪಿಯ ಸೀಮೆ ಇಂಥ ಪರದೇಶಿ ಧರ್ಮಪ್ರಚಾರಕರನ್ನು ಕಂಡದ್ದು ಎಷ್ಟೋ ಹಿಂದೆ.

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಇಂಗ್ಲಿಷರಿಗೆ ಕನ್ನಡ ಕಲಿಸುವ ಅಚ್ಚಾದ ನಿಘಂಟು ಆಗಿನ್ನೂ ಇರಲಿಲ್ಲ. ಭಾಷೆ ಕಲಿಸುವ ಮುನ್ಷಿಯ ಎದುರು ಕೂತು, ಒಂದೊಂದೇ ಪದ ಕೇಳಿ ಬರೆದುಕೊಳ್ಳಬೇಕು. 1816ರಲ್ಲಿ ವಿಲಿಯಂ ರೀವ್ ಜೊತೆಗೂಡಿದರು. ಹಂಪಿಯ ವಿರೂಪಾಕ್ಷನ ತೇರಿಗೆ ನೆರೆದ ಜನಸಾಗರದ ನಡುವೆ ನಿಂತು ಬಳ್ಳಾರಿಯ ಮಿಷನರಿಗಳು ಕನ್ನಡದಲ್ಲೇ ಬೋಧಿಸುತ್ತಿದ್ದರು, ಕಿರುಹೊತ್ತಗೆಗಳನ್ನು ಹಂಚುತ್ತಿದ್ದರು.

ಅವರ ಮತಪ್ರಚಾರದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಕನ್ನಡಕ್ಕೆ ಮಾಡಿದ ಕೆಲಸ ಮಾತ್ರ ದೊಡ್ಡದು.

ಹ್ಯಾಂಡ್ಸ್ ಮುಂದಾಳುತನದಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂತು. ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ, 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಹೊರತಂದರು. ನಾವೆಲ್ಲ ನೆನೆಯುವ ಕಿಟೆಲ್ ನಿಘಂಟು ಅಚ್ಚಾದದ್ದು 1894ರಲ್ಲಿ, ಅಂದರೆ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಬಂದ 62 ವರ್ಷಗಳ ನಂತರ.