ನಿಮಗಿದು ಗೊತ್ತೇ? ಹಾಲಿನಲ್ಲೂ ಫ್ಲೋರೈಡ್!

ದೇಹದಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಮೂಳೆಯಲ್ಲ, ಹಲ್ಲಿನ ಹೊರಪದರವಾದ ಎನಾಮಲ್. ಅದರ ತೂಕದಲ್ಲಿ ಸುಮಾರು ಶೇ. 96ರಷ್ಟು ಬರೀ ಖನಿಜ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ತೂತಾದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದರಲ್ಲಿ ಜೀವಕೋಶಗಳೇ ಇಲ್ಲ!

ಹಲ್ಲನ್ನು ತಿನ್ನುವುದು ಹುಳುವಲ್ಲ, ಆಮ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಆಮ್ಲತೆಯ ಅಳತೆಯಾದ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ತೂತು ಬೀಳುವ ಮುನ್ನವಾದರೆ, ಹೀಗೆ ಕರಗಿದ್ದನ್ನು ಜೊಲ್ಲು ಮೆಲ್ಲಗೆ ತುಂಬಿಕೊಡುತ್ತದೆ. ಆ ಹೊತ್ತಿಗೆ ಬಾಯಲ್ಲಿ ಫ್ಲೋರೈಡ್ ಇದ್ದರೆ ಹೊಸದಾಗಿ ಕೂರುವ ಖನಿಜ ಮೊದಲಿನದಕ್ಕಿಂತ ಗಟ್ಟಿ. ಅದನ್ನು ಕರಗಿಸಲು ಪಿಎಚ್ 4.5ರ ಆಸುಪಾಸಿಗೆ ಇಳಿಯಬೇಕು.

ಹಾಲಿಗೆ ಫ್ಲೋರೈಡ್ ಬೆರೆಸಬಹುದೆಂದು 1950ರ ದಶಕದಲ್ಲೇ ಹೇಳಿದವರು ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯರೊಬ್ಬರು. ಮುಂದೆ ಬಲ್ಗೇರಿಯ, ಬ್ರಿಟನ್, ಥಾಯ್ಲೆಂಡ್ ಶಾಲೆಗಳಲ್ಲಿ ಮಕ್ಕಳು ಅದನ್ನು ಕುಡಿದರು. ಬ್ರಿಟನ್ನಿನ ಬ್ಲ್ಯಾಕ್‌ಪೂಲ್‌ನಲ್ಲಂತೂ ಅದು ಶಾಲೆಯ ಉಚಿತ ಬೆಳಗಿನ ತಿಂಡಿಯ ಜೊತೆಗೇ ಬಂತು.

ಚಿಲಿ ದೇಶದ ಕೊಡೆಗುವಾ ಎಂಬ ಊರಿನ ಕಥೆ ಇನ್ನೂ ಸ್ವಾರಸ್ಯ. 1994ರಲ್ಲಿ ಅಲ್ಲಿ ಪುಟ್ಟ ಮಕ್ಕಳ ಹಾಲಿನ ಪುಡಿಗೆ ಫ್ಲೋರೈಡ್ ಬೆರೆಸಿದರು, ಹುಳುಕು ತಗ್ಗಿತು. ಯೋಜನೆ ನಿಂತ ಕೆಲವೇ ವರ್ಷಗಳಲ್ಲಿ ಮತ್ತೆ ಏರಿತು. ಇಷ್ಟಾದರೂ ವೈದ್ಯಕೀಯ ಪುರಾವೆಗಳನ್ನು ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ ಈ ಹಾಲಿನ ಬಗ್ಗೆ ಖಚಿತವಾಗಿ ಹೇಳಲು ಪುರಾವೆ ಸಾಲದು ಎಂದೇ ಹೇಳಿತು.

ಬೆರೆಸದ ಹೊರತು ಹಾಲಿನಲ್ಲಿ ಫ್ಲೋರೈಡ್ ಹೆಚ್ಚಿರದು: ಹಸು ಕುಡಿವ ನೀರಿನಲ್ಲಿ ಅದು ಹೆಚ್ಚಿದ್ದರೂ ಹಾಲಿಗೆ ಇಳಿಯುವುದು ಅತ್ಯಲ್ಪ. ಬರೀ ಹಾಲು ಹಲ್ಲಿಗೆ ಹೇಗೂ ಸ್ನೇಹಿತನೇ: ಕ್ಯಾಲ್ಸಿಯಂ, ಫಾಸ್ಫೇಟ್, ಕೇಸೀನ್ ಎಂಬ ಪ್ರೋಟೀನ್ ಮೂರೂ ಅದರಲ್ಲಿವೆ. ಕೆಡಿಸುವವರು ನಾವು, ಎರಡು ಚಮಚ ಸಕ್ಕರೆ ಹಾಕಿ! ಅದನ್ನೇ ಬಾಟಲಿಗೆ ತುಂಬಿ ಮಗುವಿನ ಬಾಯಿಗಿಟ್ಟು ಮಲಗಿಸಿದರೆ ಮುಂಭಾಗದ ಹಾಲುಹಲ್ಲುಗಳಿಗೆ ಉಳಿಗಾಲವಿಲ್ಲ.

ಮನೆಯಲ್ಲಿ ಫ್ಲೋರೈಡ್ ಸಿಗುವ ಸುಲಭ ದಾರಿ ಪೇಸ್ಟ್. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು ಸಾಕು. ಜಾಹೀರಾತಿನಂತೆ ಬ್ರಷ್ಷಿನ ಉದ್ದಕ್ಕೂ ಹಚ್ಚುವುದು ಕಂಪನಿಗೆ ಮಾತ್ರ ಲಾಭ. ಉಜ್ಜಿದ ಮೇಲೆ ಉಗುಳಿ, ಗಳಗಳನೆ ನೀರಿನಿಂದ ಮುಕ್ಕಳಿಸಬೇಡಿ. ಕೆಲಸ ಮಾಡಬೇಕಾದ ಫ್ಲೋರೈಡೂ ತೊಳೆದುಹೋಗುತ್ತದೆ.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರ ತೊಂದರೆ ಇದಕ್ಕೆ ತಿರುಗಾಮುರುಗಾ. ಅಲ್ಲಿನ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ಮೂಳೆಗೂ ಅಪಾಯ. ಅಂಥ ಊರಿಗೆ ಫ್ಲೋರೈಡ್ ಹಾಲು ಬೇಡವೇ ಬೇಡ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ನಿಮ್ಮೂರಿನ ಕೊಳವೆಬಾವಿ ನೀರನ್ನು ಒಮ್ಮೆ ಪರೀಕ್ಷೆಗೆ ಕೊಡಿ.