ಕೊಬ್ಬರಿ ದರದ ಗೆರೆ ಓದುವುದು ಹೇಗೆ?

ಗುಬ್ಬಿ, ಕುಣಿಗಲ್‌ನ ತೆಂಗು ಬೆಳೆಗಾರರೇ, ತುಮಕೂರಲ್ಲಿದ್ದುಕೊಂಡೇ ತಿಪಟೂರು ರೇಟು ನೋಡುವವರೇ, ದರದ ಚಾರ್ಟಿನ ಗೆರೆ ನೋಡಿ. ಉಂಡೆ ಕೊಬ್ಬರಿ, ಕ್ವಿಂಟಾಲ್ ಲೆಕ್ಕ.

2023ರಲ್ಲಿ ಬೆಂಬಲ ಬೆಲೆ 11,750 ರೂಪಾಯಿ. ತಿಪಟೂರು ಹರಾಜಿನಲ್ಲಿ ಸಿಕ್ಕಿದ್ದು 8 ಸಾವಿರದ ಆಸುಪಾಸು. 2025ರ ನಡುವೆ ಅದೇ ಗೆರೆ 25 ಸಾವಿರ ದಾಟಿತು!

ಏನಾಯ್ತು? ಎಳನೀರಿಗೇ ಬಹಳಷ್ಟು ಕಾಯಿ ಹೋಯ್ತು, ರೋಗವೂ ಇತ್ತು. ಆದರೆ 2023ರ ಬರವನ್ನು ಮರೆಯಬೇಡಿ. ಹೊಂಬಾಳೆ ಒಡೆದು ಕಾಯಿ ಬಲಿಯಲು ಸುಮಾರು ವರ್ಷ ಬೇಕು. ಅಟ್ಟದ ಮೇಲೆ ಒಣಗಿ ಉಂಡೆಯಾಗಲು ಮತ್ತೆ ಎಂಟು-ಹತ್ತು ತಿಂಗಳು. ಹಾಗಾಗಿ ಮಳೆ ಕೈಕೊಟ್ಟ ಪೆಟ್ಟು ಮಾರುಕಟ್ಟೆಗೆ ಬರುವುದು ಎರಡು ವರ್ಷ ತಡವಾಗಿ. ನನ್ನ ಪ್ರಕಾರ ದರದ ಚಾರ್ಟಿನ ಪಕ್ಕ ಹಳೆಯ ಮಳೆ ಲೆಕ್ಕ ಇರಲೇಬೇಕು.

ಕೃಷಿ ಮಾರಾಟ ವಾಹಿನಿ ಜಾಲತಾಣ ತೆರೆದಾಗ ಗರಿಷ್ಠ ದರಕ್ಕೆ ಮರುಳಾಗಬೇಡಿ, ಅದು ಆಯ್ದ ಒಂದೆರಡು ಲಾಟಿನದ್ದಿರಬಹುದು. ಹೆಚ್ಚಿನ ಮಾಲು ಮಾರಾಟವಾದ ಮಾದರಿ ದರ ನೋಡಿ, ಜೊತೆಗೆ ಆವಕ ನೋಡಿ. ದರ ಏರಿದ ದಿನ ಮಾಲೇ ಕಡಿಮೆ ಬಂದಿದ್ದರೆ, ಮುಂದಿನ ಹರಾಜಿನ ಆವಕವನ್ನೂ ನೋಡಿ ಲೋಡು ಕಟ್ಟಿ.