ಪುನುಗು ಬೆಕ್ಕಿನ ಕಾಫಿ: ಶ್ರಾವಕರು ಕುಡಿಯಬಹುದೇ?

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಳೆಯ ಹೆಂಚಿನ ಮನೆಗಳಲ್ಲಿ ರಾತ್ರಿ ಹೊತ್ತು ಅಟ್ಟದ ಮೇಲೆ ಓಡಾಡುವ, ಹಣ್ಣಾದ ಪಪ್ಪಾಯಿಗೂ ಬಾಳೆಗೊನೆಗೂ ಬಾಯಿ ಹಾಕುವ ಪ್ರಾಣಿ ಪುನುಗು ಬೆಕ್ಕು. ಮಲೆನಾಡಿನಲ್ಲಿ ಕಬ್ಬೆಕ್ಕು ಎನ್ನುವುದೂ ಉಂಟು. ಮರಕ್ಕೆ ಕಟ್ಟಿದ ಮಡಕೆಯ ಕಳ್ಳು ಕುಡಿಯುತ್ತದೆಂದು ಇಂಗ್ಲಿಷಿನಲ್ಲಿ ಇದಕ್ಕೆ ‘ಟಾಡಿ ಕ್ಯಾಟ್’ ಎಂಬ ಹೆಸರೇ ಇದೆ. ಹೆಸರಿನಲ್ಲಿ ಬೆಕ್ಕಿದ್ದರೂ ಇದು ಬೆಕ್ಕಿನ ಕುಲಕ್ಕೆ ಸೇರಿದ್ದಲ್ಲ. ಇದರ ಹೊಟ್ಟೆಯಿಂದ ಹೊರಬಂದ ಕಾಫಿ ಬೀಜ ಜಗತ್ತಿನ ಅತಿ ದುಬಾರಿ ಕಾಫಿಗಳಲ್ಲಿ ಒಂದಾಗಿದೆ.

ಈ ಮೂರು ತಾಲೂಕುಗಳಲ್ಲಿ ಕಾಫಿ ಮುಖ್ಯ ಬೆಳೆಯಲ್ಲ. ಆದರೆ ಇಲ್ಲಿಂದ ಬೆಂಗಳೂರು, ಮುಂಬೈಗೆ ಹೋಗಿ ಹೋಟೆಲು ನಡೆಸುವವರು ಅನೇಕರು. ಕೊಡಗಿನ ಪ್ರವಾಸ ಮುಗಿಸಿ ಬಂದವರು ಉಡುಗೊರೆಯಾಗಿ ಒಂದು ಪೊಟ್ಟಣ ತಂದುಕೊಟ್ಟರೆ, ಜೈನ ಮನೆಯಲ್ಲಿ ಅದನ್ನು ಕುಡಿಯಬಹುದೇ ಎಂಬ ಪ್ರಶ್ನೆ ಏಳುವುದು ಸಹಜ.

ಈ ಕಾಫಿ ಆಗುವ ಬಗೆ ಹೀಗೆ. ಪುನುಗು ಬೆಕ್ಕು ರಾತ್ರಿ ತೋಟಕ್ಕೆ ಬಂದು ಚೆನ್ನಾಗಿ ಮಾಗಿದ ಕಾಫಿ ಹಣ್ಣನ್ನು ಆರಿಸಿ ತಿನ್ನುತ್ತದೆ. ಸಿಹಿ ತಿರುಳು ಜೀರ್ಣವಾಗುತ್ತದೆ, ಗಟ್ಟಿ ಸಿಪ್ಪೆಯೊಳಗಿನ ಬೀಜ ಹಾಗೆಯೇ ಹಿಕ್ಕೆಯಲ್ಲಿ ಹೊರಬರುತ್ತದೆ. ಅದನ್ನು ಹೆಕ್ಕಿ, ಹಲವು ಸಲ ತೊಳೆದು, ಒಣಗಿಸಿ, ಸಿಪ್ಪೆ ತೆಗೆದು ಹುರಿಯುತ್ತಾರೆ. ಹೊಟ್ಟೆಯ ಕಿಣ್ವಗಳ ಪ್ರಭಾವದಿಂದ ಬೀಜದ ಪ್ರೋಟೀನು ಸ್ವಲ್ಪ ಒಡೆದು ಕಹಿ ಕಡಿಮೆಯಾಗುತ್ತದೆ ಎಂದು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಮಾಸಿಮೊ ಮಾರ್ಕೋನ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ.

ಈ ಪದ್ಧತಿಯ ಮೂಲ ಇಂಡೋನೇಷ್ಯಾ. ಡಚ್ಚರ ಆಳ್ವಿಕೆಯಲ್ಲಿ ತೋಟದ ಕೂಲಿಗಳಿಗೆ ಕಾಫಿ ಹಣ್ಣು ಮುಟ್ಟುವಂತಿರಲಿಲ್ಲವೆಂದೂ, ಅವರು ನೆಲದಲ್ಲಿ ಬಿದ್ದ ಹಿಕ್ಕೆಯಿಂದ ಬೀಜ ಹೆಕ್ಕಿ ಕಾಫಿ ಮಾಡಿಕೊಂಡರೆಂದೂ ಹೇಳಿಕೆಯಿದೆ. ಬಡವರ ಉಪಾಯ ಶ್ರೀಮಂತರ ಶೋಕಿಯಾಯಿತು. ಅಲ್ಲಿ ಇದರ ಹೆಸರು ‘ಕೋಪಿ ಲುವಾಕ್’. ಲುವಾಕ್ ಎಂದರೆ ಈ ಪ್ರಾಣಿಯೇ.

ನಮ್ಮ ಕೊಡಗಿನಲ್ಲಿ ಕೂರ್ಗ್ ಕನ್ಸಾಲಿಡೇಟೆಡ್ ಕಮಾಡಿಟೀಸ್ ಎಂಬ ಸಂಸ್ಥೆ ಇದನ್ನು ಸಣ್ಣ ಪ್ರಮಾಣದಲ್ಲಿ ತಯಾರಿಸುತ್ತಿರುವ ಸುದ್ದಿ 2017ರಲ್ಲಿ ಪತ್ರಿಕೆಗಳಲ್ಲಿ ಬಂತು. ಆಗ ಅದು ತಿಳಿಸಿದಂತೆ 2015-16ರಲ್ಲಿ 60 ಕಿಲೋ, ಮರುವರ್ಷ 200 ಕಿಲೋ ಉತ್ಪಾದನೆ; ಇಲ್ಲಿ ಕಿಲೋಗೆ 8,000 ರೂಪಾಯಿ, ವಿದೇಶದಲ್ಲಿ 20ರಿಂದ 25 ಸಾವಿರ. ಪ್ರಾಣಿಯನ್ನು ಕೂಡಿಹಾಕದೆ, ಕಾಡಂಚಿನ ತೋಟಗಳಲ್ಲಿ ಬಿದ್ದದ್ದನ್ನೇ ಹೆಕ್ಕುತ್ತೇವೆ ಎಂಬುದು ಸಂಸ್ಥೆಯ ಮಾತು.

ಕಾಸರಗೋಡಿನ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದ ಸಂಶೋಧಕರೂ ಕೊಡಗಿನ ತೋಟಗಳಿಂದ ಕಾಡಿನ ಪುನುಗು ಬೆಕ್ಕಿನ ಹಿಕ್ಕೆಯಲ್ಲಿದ್ದ ರೊಬಸ್ಟಾ ಬೀಜ ತಂದು, ಗಿಡದಿಂದ ಕೊಯ್ದ ಬೀಜದೊಡನೆ ಹೋಲಿಸಿ ನೋಡಿದರು. 2025ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಹಿಕ್ಕೆಯ ಬೀಜದಲ್ಲಿ ಕೊಬ್ಬಿನ ಅಂಶ ಹೆಚ್ಚು. ಪರಿಮಳಕ್ಕೆ ಸಂಬಂಧಪಟ್ಟ ಕೆಲವು ಕೊಬ್ಬಿನಾಮ್ಲಗಳೂ ಹೆಚ್ಚು. ವ್ಯತ್ಯಾಸ ಇರುವುದು ನಿಜ ಎಂದಾಯಿತು. ಹತ್ತಾರು ಪಟ್ಟು ಬೆಲೆ ಕೊಡುವಷ್ಟು ರುಚಿಯೇ ಎಂಬುದು ಬೇರೆ ಮಾತು. ಕಾಫಿ ರುಚಿ ನೋಡುವ ಪರಿಣತರಲ್ಲಿ ಅನೇಕರು ಹಾಗೆ ಒಪ್ಪುವುದಿಲ್ಲ.

ತೊಂದರೆ ಶುರುವಾದದ್ದು ಬೆಲೆಯಿಂದ. ಕಾಡೆಲ್ಲ ಸುತ್ತಿ ಹಿಕ್ಕೆ ಹುಡುಕುವುದಕ್ಕಿಂತ ಪ್ರಾಣಿಯನ್ನೇ ಹಿಡಿದು ಗೂಡಿಗೆ ಹಾಕಿ ಕಾಫಿ ಹಣ್ಣು ತಿನ್ನಿಸುವುದು ಸುಲಭವೆಂದು ಇಂಡೋನೇಷ್ಯಾದ ವ್ಯಾಪಾರಿಗಳಿಗೆ ಹೊಳೆಯಿತು. 2013ರಲ್ಲಿ ಬಿಬಿಸಿ ವರದಿಗಾರರು ಸುಮಾತ್ರಾದಲ್ಲಿ ಮಾರುವೇಷದಲ್ಲಿ ಹೋಗಿ ಇಂಥ ಗೂಡುಗಳನ್ನು ಕಂಡರು. ಕಾಡಿನಿಂದ ಹೆಕ್ಕಿದ್ದೆಂದು ಹೇಳುವ ಕಾಫಿಯೊಳಗೆ ಗೂಡಿನ ಕಾಫಿಯೂ ಸೇರುತ್ತಿತ್ತು. 2016ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರೂ ವರ್ಲ್ಡ್ ಅನಿಮಲ್ ಪ್ರೊಟೆಕ್ಷನ್ ಸಂಸ್ಥೆಯವರೂ ಬಾಲಿಯ 16 ಕಡೆ ಸುಮಾರು 50 ಪ್ರಾಣಿಗಳನ್ನು ಪರೀಕ್ಷಿಸಿದರು. ಇಕ್ಕಟ್ಟಾದ ಗೂಡು, ತಂತಿಯ ನೆಲ, ಹೊಲಸು. ಕೆಲವಕ್ಕೆ ಕುಡಿಯಲು ನೀರೂ ಇರಲಿಲ್ಲ. ಒಂಟಿಯಾಗಿ ರಾತ್ರಿ ತಿರುಗುವ ಪ್ರಾಣಿಯನ್ನು ಹಗಲು ಪ್ರವಾಸಿಗರ ಮುಂದೆ ಇಟ್ಟಿದ್ದರು. 1991ರಲ್ಲಿ ಈ ಕಾಫಿಯನ್ನು ಬ್ರಿಟನ್ನಿಗೆ ಪರಿಚಯಿಸಿದ ವ್ಯಾಪಾರಿ ಟೋನಿ ವೈಲ್ಡ್ ಅವರೇ ಮುಂದೆ ಇದರ ವಿರುದ್ಧ ಚಳವಳಿ ಹೂಡಿದರು. ಗೂಡಿನ ಪ್ರಾಣಿ ಹಣ್ಣನ್ನು ಆರಿಸುವುದೂ ಇಲ್ಲ, ಕೊಟ್ಟದ್ದನ್ನು ತಿನ್ನುತ್ತದೆ. ಹಾಗಾಗಿ ರುಚಿಯ ವಾದವೂ ಅಲ್ಲಿಗೆ ಮುಗಿಯಿತು.

ತತ್ತ್ವಾರ್ಥ ಸೂತ್ರದ 7ನೇ ಅಧ್ಯಾಯ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪ್ರಾಣಿಯನ್ನು ಕಟ್ಟಿಹಾಕುವುದು ಮೊದಲನೆಯದು, ಅನ್ನ ನೀರು ತಡೆಯುವುದು ಕೊನೆಯದು. ಬಾಲಿಯ ಗೂಡುಗಳಲ್ಲಿ ಎರಡೂ ಇವೆ. ತಾನೇ ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರರಲ್ಲೂ ದೋಷವಿರುವುದರಿಂದ, ಗೂಡಿನ ಕಾಫಿ ಎಂದು ತಿಳಿದೂ ಹಣ ಕೊಟ್ಟವನು ಹೊರಗೆ ನಿಲ್ಲಲಾರ.

ಕಾಡಿನಲ್ಲಿ ಹೆಕ್ಕಿದ್ದಾದರೆ? ಪ್ರಾಣಿ ತಾನಾಗಿ ತಿಂದಿದೆ, ಅದಕ್ಕೆ ಯಾವ ನೋವೂ ಆಗಿಲ್ಲ ಎಂದು ಮನೆಯ ಯುವಕರು ವಾದಿಸಬಹುದು. ಅಷ್ಟರಮಟ್ಟಿಗೆ ಅವರ ಮಾತು ಸರಿ. ಆದರೆ ಪುನುಗು ಬೆಕ್ಕು ಹಣ್ಣಷ್ಟೇ ತಿನ್ನುವುದಿಲ್ಲ. ಹುಳು, ಇಲಿ, ಹಕ್ಕಿಯ ಮೊಟ್ಟೆಯನ್ನೂ ತಿನ್ನುತ್ತದೆ. ಅವುಗಳ ಶೇಷದ ಜೊತೆಯಲ್ಲೇ ಬೀಜ ಹೊರಬರುತ್ತದೆ. ನೀರು ಸೋಸಿ, ಧಾನ್ಯ ಶೋಧಿಸಿ ಅಡುಗೆ ಮಾಡುವ ಮನೆಗೆ ಇದು ಒಗ್ಗುವ ವಸ್ತುವಲ್ಲ, ಎಷ್ಟು ತೊಳೆದರೂ. ಜೊತೆಗೆ ಪೊಟ್ಟಣದ ಮೇಲೆ ‘ಕಾಡಿನದು’ ಎಂದು ಅಚ್ಚು ಮಾಡಿದ್ದನ್ನು ಕೊಳ್ಳುವವರು ಪರೀಕ್ಷಿಸಿ ನೋಡುವ ದಾರಿಯಿಲ್ಲ.

ಈ ಪ್ರಾಣಿಯಿಂದ ಕಾಡಿಗಾಗುವ ಉಪಕಾರ ದೊಡ್ಡದು. ಬೈನೆ, ಆಲ, ಅತ್ತಿಯ ಹಣ್ಣು ತಿಂದು ಬೀಜವನ್ನು ದೂರ ದೂರಕ್ಕೆ ಬಿತ್ತುತ್ತದೆ. ಪಶ್ಚಿಮ ಘಟ್ಟದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಕಂದು ಪುನುಗು ಬೆಕ್ಕು ಎಂಬ ಇನ್ನೊಂದು ಜಾತಿಯೂ ನಮ್ಮಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇವುಗಳಿಗೆ ರಕ್ಷಣೆ ಕೊಟ್ಟಿದೆ; ಹಿಡಿಯುವುದು, ಗೂಡಿನಲ್ಲಿಟ್ಟು ಸಾಕುವುದು ಅಪರಾಧ. ಅಟ್ಟದಲ್ಲಿ ಮರಿ ಹಾಕಿದ್ದು ಕಂಡರೆ ಬೋನು ಇಡದೆ, ಮರಿಗಳು ದೊಡ್ಡವಾಗಿ ತಾವೇ ಹೋಗುವವರೆಗೆ ಬಿಟ್ಟು, ಆಮೇಲೆ ಹೆಂಚಿನ ಸಂದು ಮುಚ್ಚಿದರೆ ಸಾಕು. ತೀರಾ ಉಪದ್ರವಾದರೆ ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಬಹುದು.